ಪರದೆಯ ಮೇಲೆ ಮಬ್ಬಾದ ಓಲೆ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠಕ್ಕೆ ಸೇರಿದ್ದು ಒಂದು ಅಚ್ಚುಕೂಟ. ಅದನ್ನು ನಡೆಸುತ್ತಿದ್ದವರು ಅಡವಯ್ಯಜ್ಜನವರು.

ಅಜ್ಜನವರು ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಅರವತ್ತು ದಾಟಿದ ಮೇಲೆ ಕಂಪ್ಯೂಟರು ಬಂತು, ಅದನ್ನೂ ಕಲಿತರು. ಕಲಿತೆ ಎಂದು ಯಾರಿಗೂ ಹೇಳಲು ಹೋಗಲಿಲ್ಲ.

ಅವರ ಶಿಷ್ಯ ಇಂದುಧರ. ಆರು ವರ್ಷದಿಂದ ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದ. ಕೈ ಚೊಕ್ಕ, ಕಣ್ಣು ಚುರುಕು. ಅದು ಅವನಿಗೂ ಗೊತ್ತಿತ್ತು.

ಆ ಅಚ್ಚುಕೂಟದಲ್ಲಿ ಒಂದು ಪದ್ಧತಿ. ಪುಸ್ತಕದ ಕೊನೆಯ ಪುಟದಲ್ಲಿ ಪುಟ ಕಟ್ಟಿದವನ ಹೆಸರು ಹಾಕಬಹುದು, ಆದರೆ ಗುರು ‘ಹಾಕು’ ಅಂದ ಮೇಲೆ. ಇಂದುಧರನ ಕೈಯಿಂದ ಹನ್ನೊಂದು ಪುಸ್ತಕ ಹೊರಬಿದ್ದಿದ್ದವು. ಹನ್ನೊಂದರಲ್ಲೂ ಆ ಜಾಗ ಖಾಲಿ.

ಹನ್ನೆರಡನೆಯದು ಸಣ್ಣ ಕೆಲಸವಲ್ಲ. ನೀಲನಗೌಡ ದೇಸಾಯರ ಮನೆತನದವರು ಮಠಕ್ಕೆ ಒಪ್ಪಿಸಿದ ನಲವತ್ತೆಂಟು ತಾಳೆಗರಿ, ದನಗಳ ಔಷಧದ ಓಲೆಗಳು. ಪುಟಕ್ಕೊಂದು ಗರಿಯ ಫೋಟೋ, ಕೆಳಗೆ ಅದರ ಪಾಠ. ಗರಿಯ ಮೇಲಿನ ಅಕ್ಷರ ಸಾಸಿವೆ ಕಾಳಿನಷ್ಟು.

ಈ ಸಲ ತನ್ನ ಹೆಸರು ಬಂದೇ ಬರುತ್ತದೆ ಎಂದು ಇಂದುಧರ ನಂಬಿದ್ದ.

ಪುಟಗಳು ಮುಗಿಯುತ್ತ ಬಂದಾಗ ದೇಸಾಯರು ನೋಡಲು ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ನಮ್ಮ ಓಲಿಗೆ ಮಂಜು ಕವಿದೈತೇನೋ ತಮ್ಮಾ? ಅಟ್ಟದ ಮ್ಯಾಲೆ ಧೂಳಿನ್ಯಾಗ ಇದ್ದಾಗ ಇದಕ್ಕಿಂತ ಚಂದ ಕಾಣತಿದ್ದುವು.”

ಮಾತು ಚುಚ್ಚಿತು. ಚುಚ್ಚುವಂತೆಯೇ ಆಡಿದ್ದರು. ನಿಜಕ್ಕೂ ಗರಿಗಳೆಲ್ಲ ಮಬ್ಬಾಗಿದ್ದವು.

ಇಂದುಧರ ಫೋಟೋವನ್ನು ಬೇರೆಯಾಗಿ ತೆರೆದು ನೋಡಿದ. ಸ್ಪಷ್ಟವಾಗಿತ್ತು. ಪುಟದೊಳಗೆ ಇಟ್ಟ. ಮತ್ತೆ ಮಬ್ಬು. ದೊಡ್ಡದು ಮಾಡಿದ, ಬರೀ ಚೌಕ ಚೌಕ ಕಂಡವು. ಕಂಪ್ಯೂಟರು ಆರಿಸಿ ಹಚ್ಚಿದ. ಫೋಟೋ ತೆಗೆದು ಮತ್ತೆ ಹಾಕಿದ. ಏನೂ ಆಗಲಿಲ್ಲ.

ಹತ್ತು ಹೆಜ್ಜೆಯಾಚೆ ಅಜ್ಜನವರು ಕರಡು ತಿದ್ದುತ್ತ ಕುಳಿತಿದ್ದರು. ಕೇಳಬಹುದಿತ್ತು. ಆರು ವರ್ಷ ಪಳಗಿದವನು ಇಷ್ಟಕ್ಕೆಲ್ಲ ಕೇಳುವುದೇ? ಅವನು ಕೇಳಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಫೋಟೋವನ್ನು ಪರದೆ ತುಂಬ ತೆರೆದು, ಪರದೆಯನ್ನೇ ಹಾಗೇ ಚಿತ್ರವಾಗಿ ಹಿಡಿದು, ಆ ಚಿತ್ರವನ್ನು ಪುಟದಲ್ಲಿ ಕೂರಿಸಿದ. ಗರಿ ಫಳಫಳ ಹೊಳೆಯಿತು.

ನಲವತ್ತೆಂಟಕ್ಕೂ ಹಾಗೇ ಮಾಡಿದ. ಮೂರು ದಿನ ಹಿಡಿಯಿತು. ಹೊಸ ಫೈಲಿಗೆ ಹೊಸ ಹೆಸರಿಟ್ಟ. ಹಳೆಯದನ್ನು ಅಳಿಸಬಾರದೆಂಬುದು ಅಜ್ಜನವರ ಕಟ್ಟಪ್ಪಣೆ, ಹಾಗಾಗಿ ಅದೊಂದು ಮೂಲೆಯಲ್ಲಿ ಬಿದ್ದಿತ್ತು.

ದೇಸಾಯರು ಮತ್ತೆ ಬಂದರು. ಈಗ ಅವರ ಮುಖವೂ ಹೊಳೆಯಿತು. ಇಂಥ ಕೈ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ಬೆನ್ನು ತಟ್ಟಿದರು.

ಇಂದುಧರ ನೇರವಾಗಿ ಗುರುವಿನ ಮುಂದೆ ಹೋಗಿ ನಿಂತ.

“ಅಜ್ಜಾರ, ಪುಟ ಎಲ್ಲಾ ತಯಾರಾದುವ್ರೀ. ಕೊನೀ ಪುಟ ಒಂದು ಉಳದೈತಿ.”

ಅಜ್ಜನವರು ಪರದೆಯತ್ತ ನೋಡಲೂ ಇಲ್ಲ.

“ಕೊನೀ ಗರಿಯ ಪುಟ ಕಾಗದದ ಮ್ಯಾಲೆ ತಗದು ತಾ. ಎರಡೂ ಫೈಲಿಂದ. ನೀ ನಾಚಿಕೊಂಡದ್ದು ಒಂದು, ಬೀಗಿದ್ದು ಒಂದು.”

ಎರಡು ಫೈಲಿರುವುದು ಇವರಿಗೆ ಹೇಗೆ ಗೊತ್ತು ಎಂದುಕೊಳ್ಳುತ್ತಲೇ ಇಂದುಧರ ಎರಡು ಹಾಳೆ ತೆಗೆದು ತಂದ. ಅಜ್ಜನವರು ಭೂತಗನ್ನಡಿ ಮುಂದಿಟ್ಟರು.

“ಬೀಗಿದ್ದನ್ನ ಮೊದಲ ಓದು. ಕೊನೀ ಸಾಲು.”

ಇಂದುಧರ ಬಗ್ಗಿದ. ಅಕ್ಷರ ಇರಬೇಕಾದ ಕಡೆ ಕಂದು ಚೌಕಗಳು ಒಂದರ ಮೇಲೊಂದು ಬಿದ್ದಿದ್ದವು.

“ಓದಾಕ ಬರೂದಿಲ್ರೀ.”

“ಇನ್ನೊಂದು.”

ಮೂಲೆಗೆ ಎಸೆದ ಫೈಲಿನ ಹಾಳೆ ಅದು. ಕನ್ನಡಿ ಇಟ್ಟ. ಓಲೆ ಬರೆಯುವ ಕಂಟದ ಮೊನೆ ಗರಿಯನ್ನು ಗೀರಿದ ಗುರುತು ಸಹ ಎದ್ದು ಕಂಡಿತು. ನಿಧಾನವಾಗಿ ಓದಿದ.

“ಬರೆದಾತ ಮುರಿಗೆಯ್ಯನ ಮಗ ಕಲ್ಲಯ್ಯ. ತಪ್ಪಿದ್ದಲ್ಲಿ ತಿದ್ದಿ ಓದುವುದು.”

“ಯಾರ ಹೆಸರದು?”

“ಓಲಿ ಬರದವನದ್ರೀ.”

“ನೀ ಬೀಗಿದ ಹಾಳಿ ಮ್ಯಾಲೆ ಐತೇನು?”

“ಇಲ್ರೀ.”

“ಯಾರು ಅಳಿಸಿದ್ರು?”

ತನ್ನ ಹೆಸರಿಗೆ ಜಾಗ ಕೇಳಲು ಬಂದವನು ಇಂದುಧರ.

“ನಾನ್ರೀ” ಅಂದ. ಆಮೇಲೆ, ಪರದೆಯಲ್ಲಿ ಮಬ್ಬಾಗಿದ್ದುದು ಕಾಗದದ ಮೇಲೆ ಇಷ್ಟು ಚೊಕ್ಕ ಹೇಗೆ ಬಂತು ಎಂದು ಕೇಳಿದ. ದೇಸಾಯರು ಮೊದಲ ಸಲ ಬಂದ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

“ಜ್ವಾಳದ ವ್ಯಾಪಾರಿ ಪ್ಯಾಟಿಗೆ ಬರುವಾಗ ಕೈಯಾಗ ಏನ ತರತಾನ?”

“ಒಂದ ಬೊಗಸಿ ಮಾದರಿ ತರತಾನ್ರೀ.”

“ಚೀಲ?”

“ಗೋದಾಮಿನ್ಯಾಗ ಇರತಾವು.”

“ಪುಟದ ಮ್ಯಾಲೆ ಕಾಣೂದು ಬೊಗಸಿ, ಮೂಲ ಫೋಟೋ ಚೀಲ. ಬೊಗಸಿ ಬೆನ್ನಿಗೆ ಗೋದಾಮಿನ ವಿಳಾಸ ಬರದಿರತೈತಿ. ಅಚ್ಚಿಗೆ ಹೋಗುವಾಗ ಅಲ್ಲಿಂದ ಚೀಲ ಬರತೈತಿ. ನೀ ಬೊಗಸಿ ತೊಳದು ಹೊಳಪು ಮಾಡಿದಿ, ಚೀಲ ಹೊರಗ ಒಗದಿ.”

ಅಜ್ಜನವರು ಎದ್ದು ಬಂದು ಹಳೆಯ ಫೈಲು ತೆರೆದರು. ಮೇಲಿನ ಪಟ್ಟಿಯಲ್ಲಿ ಒಂದು ಕಡೆ ಒತ್ತಿದರು. ಮಬ್ಬು ಹರಿದು ಗರಿ ತಿಳಿಯಾಯಿತು. ಮರುಕ್ಷಣ ಕಂಪ್ಯೂಟರು ಗುಂಯ್‌ಗುಟ್ಟಿ ನಿಂತೇಬಿಟ್ಟಿತು. ಬಹಳ ಹೊತ್ತಿನ ಮೇಲೆ ಅದು ಉಸಿರಾಡಿದಾಗ ಮತ್ತೆ ಒತ್ತಿ ಮೊದಲಿನಂತೆ ಮಬ್ಬು ಮಾಡಿದರು.

“ನಲವತ್ತೆಂಟು ಚೀಲ ಒಮ್ಮೆಗೇ ಹೇರಿದ್ರ ಈ ಹಳೇ ಎತ್ತು ಕುಂತಬಿಡತೈತಿ. ಅದಕ್ಕ ಮಬ್ಬು ಇಟ್ಟವ ನಾನ.”

“ನಾ ಒದ್ದಾಡೂದನ್ನ ನೋಡಿದ್ರಿ. ಒಂದು ಮಾತು ಹೇಳಬಹುದಿತ್ತಲ್ರೀ.”

“ಹತ್ತು ಹೆಜ್ಜಿ ದೂರ ಕುಂತಿದ್ದೆ. ಒಂದು ಮಾತು ಕೇಳಬಹುದಿತ್ತಲ್ಲ.”

ಇಂದುಧರ ಹೊಳೆಯುವ ಫೈಲನ್ನು ಮೂಲೆಗಿಟ್ಟು ಮಬ್ಬು ಫೈಲಿಗೆ ಕೂತ. ನಲವತ್ತೆಂಟು ಚಿತ್ರಗಳ ವಿಳಾಸವನ್ನೂ ಒಂದೊಂದಾಗಿ ನೋಡಿದ. ಎರಡು ಫೋಟೋ ಇದ್ದ ಜಾಗದಲ್ಲಿ ಇರಲಿಲ್ಲ. ಅವನೇ ಎಂದೋ ಓರಣ ಮಾಡಲು ಹೋಗಿ ಬೇರೆ ಕಡೆ ಇಟ್ಟಿದ್ದ. ಸರಿಪಡಿಸಿದ.

ಆಮೇಲೆ ಎಲ್ಲ ಪುಟ ಕಾಗದದ ಮೇಲೆ ತೆಗೆದು, ಕನ್ನಡಿ ಹಿಡಿದು ಗರಿಗೂ ಪಾಠಕ್ಕೂ ತಾಳೆ ನೋಡಿದ. ಹತ್ತೊಂಬತ್ತನೆಯ ಗರಿಯಲ್ಲಿ ಮೆಣಸು ಮೂರು ಕಾಳು ಎಂದಿತ್ತು. ಕೆಳಗಿನ ಪಾಠದಲ್ಲಿ ಆರು. ಅದನ್ನು ಯಾರೂ ಕಂಡಿರಲಿಲ್ಲ, ಪಾಠ ಬರೆದ ಪಂಡಿತರೂ ಕಂಡಿರಲಿಲ್ಲ. ಅವನು ಕಂಡ, ತಿದ್ದಿದ.

ಮೂರನೆಯ ಸಲ ದೇಸಾಯರು ಬಂದರು. ಪರದೆ ನೋಡಿ ಮುಖ ಗಂಟಿಕ್ಕಿದರು. ಹೊಳೆಯುತ್ತಿದ್ದುದನ್ನು ಕೆಡಿಸಿದವರು ಯಾರು ಎಂದು ಗುಡುಗಿದರು.

ಯಾವ ಕಡೆ ಒತ್ತಿದರೆ ಮಬ್ಬು ಹರಿಯುತ್ತದೆಂದು ಇಂದುಧರನಿಗೆ ಈಗ ಗೊತ್ತಿತ್ತು. ಕೈ ಅತ್ತ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕೊನೆಯ ಗರಿಯ ಹಾಳೆಯನ್ನೂ ಕನ್ನಡಿಯನ್ನೂ ದೇಸಾಯರ ಕೈಗಿಟ್ಟ.

ದೇಸಾಯರು ಬಹಳ ಹೊತ್ತು ಓದಿದರು. ಕೊನೆಯ ಸಾಲಿಗೆ ಬಂದಾಗ ತುಟಿ ಅಲುಗಿತು. ಕಲ್ಲಯ್ಯ ಅನ್ನುವವನೊಬ್ಬ ತಮ್ಮ ಮನೆಯಲ್ಲಿ ಉಂಡು ಓಲೆ ಬರೆದನಂತೆ ಎಂದು ತಮ್ಮ ಅಜ್ಜಿ ಹೇಳುತ್ತಿದ್ದರು ಅಂದರು. ತಾವು ಅದನ್ನು ಬರೀ ಕಥೆ ಎಂದುಕೊಂಡಿದ್ದರಂತೆ.

ಆದರೂ ದೇಸಾಯರು ದೇಸಾಯರೇ.

“ಪರದೆ ಮ್ಯಾಲಿಂದು ಇನ್ನೂ ಮಬ್ಬೇ ಐತಲ್ಲೋ.”

“ಹೌದ್ರೀ ಯಜಮಾನ್ರ. ಅದು ಮಬ್ಬೇ ಇರತೈತಿ. ಸರಕು ಒಳಗೈತಿ.”

ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ತನ್ನ ಸರಕನ್ನು ಬಲ್ಲವನು ಆಡುವ ಹಾಗೆ ಆಡಿದ. ದೇಸಾಯರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಇದನ್ನು ಮನೆಗೆ ಒಯ್ಯಲೇ ಎಂದು ಕೇಳಿದರು. ಅವರು ಆ ಅಚ್ಚುಕೂಟದಲ್ಲಿ ಕೇಳಿ ತೆಗೆದುಕೊಂಡದ್ದು ಅದೇ ಮೊದಲು.

ಹತ್ತು ಹೆಜ್ಜೆಯಾಚೆ ಅಜ್ಜನವರು ತಲೆ ಎತ್ತಲಿಲ್ಲ. ತಿದ್ದುವ ಪೆನ್ನು ಮಾತ್ರ ಕೆಳಗಿಟ್ಟರು.

ಫೈಲು ಮುದ್ರಣಕ್ಕೆಂದು ಪಟ್ಟಣದ ದೊಡ್ಡ ಪ್ರೆಸ್ಸಿಗೆ ಹೊರಡುವ ಹೊತ್ತಿಗೆ ಅವರು ಬಂದು ಇಂದುಧರನ ಬೆನ್ನ ಹಿಂದೆ ನಿಂತರು.

“ಕೊನೀ ಪುಟ ಖಾಲಿ ಐತಲ್ಲ. ಹಾಕು.”

ಇಂದುಧರ ನೆಟ್ಟಗೆ ಕುಳಿತ. ಹೆಸರು ಹೊಡೆದ. ಹೊಡೆದು ಕೈ ತಡೆದ. ಈ ಸಲ ಕೇಳಿದ.

“ಎಷ್ಟು ದೊಡ್ಡದು ಇರಲ್ರೀ ಅಜ್ಜಾರ?”

“ಪರದೆ ಮ್ಯಾಲೆ ಕಾಣಬಾರದು. ಕಾಗದದ ಮ್ಯಾಲೆ ಓದಾಕ ಬರಬೇಕು. ಅಷ್ಟು.”