ನೆಟ್ ಪ್ಯಾಕ್ ಬಿಟ್ಟ ಶಿಷ್ಯ

ಮಡಿವಾಳಯ್ಯ ಯಾರನ್ನೂ ಕೇಳದೆ ಆಶ್ರಮದ ಫೋನಿನ ನೆಟ್ ಪ್ಯಾಕ್ ನಿಲ್ಲಿಸಿದ. ಅದು ತಪ್ಪು.

ಗೊತ್ತಿಲ್ಲದೆ ಮಾಡಿದ ಎಂದು ಅವನನ್ನು ಬಿಟ್ಟುಬಿಡುವ ಹಾಗಿಲ್ಲ. ಗೊತ್ತು ಮಾಡಿಕೊಳ್ಳಲು ಅವನಿಗೆ ಒಂದು ವರ್ಷ ಸಿಕ್ಕಿತ್ತು.

ಮಲಪ್ರಭೆಯ ದಂಡೆಯ ಆ ಸಣ್ಣ ಆಶ್ರಮದಲ್ಲಿ ಇದ್ದವರು ಮೂವರೇ. ಎಲ್ಲರೂ ಅಜ್ಜಾರು ಎಂದು ಕರೆಯುವ ಗುರುಗಳು, ಅವರ ಶಿಷ್ಯ ಮಡಿವಾಳಯ್ಯ, ಅಡುಗೆಯ ನೀಲವ್ವ. ಮೂವರಿಗೂ ಸೇರಿ ಒಂದೇ ಫೋನು. ಯಾರೋ ಭಕ್ತರು ಕೊಟ್ಟದ್ದು.

ಅಜ್ಜಾರು ಅದನ್ನು ಮುಟ್ಟುತ್ತಿರಲಿಲ್ಲ. ಬೆರಳಿಟ್ಟಲ್ಲೆಲ್ಲ ಏನೋ ಒಂದು ತೆರೆದುಕೊಳ್ಳುತ್ತದೆ, ಮುಚ್ಚಲು ನನಗೆ ಬರುವುದಿಲ್ಲ ಎಂದು ನಗುತ್ತಿದ್ದರು.

ಮಡಿವಾಳಯ್ಯ ಮುಟ್ಟುತ್ತಿದ್ದ. ಮೊದಲು ಪ್ರವಚನ ನೋಡಿದ. ಪ್ರವಚನದ ಕೆಳಗೆ ಕುಸ್ತಿ ಬಂತು. ಕುಸ್ತಿಯ ಕೆಳಗೆ ಟ್ರ್ಯಾಕ್ಟರ್ ರಿಪೇರಿ ಬಂತು. ಆಶ್ರಮಕ್ಕೆ ಟ್ರ್ಯಾಕ್ಟರೇ ಇರಲಿಲ್ಲ.

ಎಲೆಯಲ್ಲಿ ಒಂದು ಅಗುಳೂ ಬಿಡಬಾರದು ಎಂದು ಕಲಿತು ಬೆಳೆದವನು ಅವನು. ದಿನದ ನೆಟ್ ಮುಗಿಯದಿದ್ದರೆ ಹಾಳಾಗುತ್ತದಲ್ಲ ಎಂದು ಅದನ್ನೂ ಬಳಿದು ಮುಗಿಸುತ್ತಿದ್ದ.

ಒಂದು ಬೆಳಿಗ್ಗೆ ಅಜ್ಜಾರು ಹೊಳೆಗಿಳಿದರು. ಒಣ ಧೋತರ ತರುತ್ತೇನೆ ಎಂದು ಹೋದ ಶಿಷ್ಯ ಜಗಲಿಯ ಮೇಲೆ ಫೋನು ಹಿಡಿದು ಕುಳಿತುಬಿಟ್ಟ. ನಡುಮಟ್ಟ ನೀರಿನಲ್ಲಿ ನಿಂತ ಅಜ್ಜಾರ ಪಕ್ಕಕ್ಕೆ ಊರ ಎಮ್ಮೆಗಳು ಇಳಿದವು, ಮಿಂದವು, ದಂಡೆಯೇರಿ ಹೋದವು. ನೀಲವ್ವ ಕೂಗಿದ ಮೇಲೆ ಅವನು ಧೋತರ ಹಿಡಿದು ಓಡಿದ.

ಅಜ್ಜಾರು ಬೈಯಲಿಲ್ಲ.

"ಟ್ರ್ಯಾಕ್ಟರ್ ಚಾಲೂ ಆತೇನೋ ತಮ್ಮಾ?" ಎಂದು ಕೇಳಿದರು.

ಬೈದಿದ್ದರೆ ಸಂಜೆಯೊಳಗೆ ಮರೆಯುತ್ತಿದ್ದ. ಈ ಮಾತು ಒಳಗೆ ಮುಳ್ಳಿನಂತೆ ಮುರಿದು ಕುಳಿತಿತು.

ಶ್ರಾವಣ ಬಂತು. ಅಜ್ಜಾರು ತಿಂಗಳ ಪ್ರವಚನಕ್ಕೆಂದು ಪಟ್ಟಣಕ್ಕೆ ಹೋದರು. ಆಶ್ರಮವನ್ನು ನೋಡಿಕೊಳ್ಳುವ ಭಾರ ಮಡಿವಾಳಯ್ಯನಿಗೆ ಬಂತು. ಅವನಿಗೆ ಒಂದು ಆಸೆಯಿತ್ತು. ಬಿಳಿ ಬಟ್ಟೆ ಬಿಟ್ಟು ಕಾವಿ ಉಡಬೇಕು. ಅಜ್ಜಾರು ಹಿಂತಿರುಗುವುದರೊಳಗೆ ಅದಕ್ಕೆ ತಕ್ಕವನಾಗಬೇಕು.

ಅಷ್ಟರಲ್ಲಿ ಪ್ಯಾಕ್ ಮುಗಿಯಿತು. ಮತ್ತೆ ಹಾಕಿಸುವುದೋ ಬಿಡುವುದೋ ಎಂದು ಯೋಚಿಸುತ್ತ ಕುಳಿತ.

ಇಪ್ಪತ್ತೆಂಟು ದಿನಕ್ಕೆ ತಿಂಗಳೆಂದು ಹೆಸರಿಟ್ಟು, ವರ್ಷಕ್ಕೆ ಹದಿಮೂರು ಸಲ ಕೈಚಾಚುವ ಫೋನ್ ಕಂಪನಿಯ ಜನ. ಅವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆ ಬಂತು. ಈ ನೆಟ್‌ನಿಂದ ಏನು ಸಿಕ್ಕಿತು ಎಂದು ಕೇಳಿಕೊಂಡ. ತನಗೆ ಸಿಕ್ಕಿದ್ದನ್ನು ಮಾತ್ರ ಎಣಿಸಿದ. ಸೊನ್ನೆ ಬಂತು.

ಊರೊಳಗಿನ ರಿಚಾರ್ಜ್ ಅಂಗಡಿಗೆ ಹೋಗಿ ಬರೀ ಮಾತಾಡುವ ಪ್ಯಾಕ್ ಹಾಕಿಸಿದ.

"ನೆಟ್ ಬ್ಯಾಡೇನ್ರಿ? ಇದು ಸನ್ಯಾಸಿ ಪ್ಯಾಕ್ ಆತು ನೋಡ್ರಿ," ಎಂದ ಅಂಗಡಿಯವ.

ಮಡಿವಾಳಯ್ಯನಿಗೆ ಆ ಮಾತು ಹಿಡಿಸಿತು. ಬಂದ ಭಕ್ತರಿಗೆಲ್ಲ ಹೇಳಿದ. ಮಠದವರೇ ಬಿಟ್ಟಿದ್ದೇವೆ, ನೀವೂ ಬಿಡಿ ಎಂದ. ಕೆಲವರು ಅವನ ಕಾಲು ಮುಟ್ಟಿದರು. ತನ್ನ ತ್ಯಾಗವನ್ನು ಊರಿಗೆ ಸಾರುವವನ ಕಾಲು ಮುಟ್ಟಲು ನಮ್ಮಲ್ಲಿ ಜನಕ್ಕೆ ಬರವಿಲ್ಲ.

ಇನ್ನು ನೀಲವ್ವನ ಮಾತು.

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಅವಳು ಫೋನು ಕೇಳಿ ತೆಗೆದುಕೊಂಡು ಬೇವಿನ ಕಟ್ಟೆಗೆ ಹೋಗುತ್ತಿದ್ದಳು. ಫೋನನ್ನು ಕಲ್ಲಿಗೆ ಒರಗಿಸಿ, ಅದರ ಮುಂದೆ ಕೈ ಆಡಿಸುತ್ತ, ಮುಖ ಅರಳಿಸುತ್ತ ಕೂರುತ್ತಿದ್ದಳು. ಮಡಿವಾಳಯ್ಯ ದೂರದಿಂದ ನೋಡಿದ್ದ. ಈ ವಯಸ್ಸಿನಲ್ಲಿ ಇವಳಿಗೂ ಕುಣಿಯುವ ಹುಚ್ಚು ಹಿಡಿಯಿತಲ್ಲ ಎಂದುಕೊಂಡಿದ್ದ.

ಅವಳ ಗಂಡ ತೀರಿಕೊಂಡಿದ್ದಾನೆ, ಮಗಳು ಕಸ್ತೂರಿ ಪಟ್ಟಣದ ಹಾಸ್ಟೆಲಿನಲ್ಲಿ ಓದುತ್ತಾಳೆ ಎಂಬುದಷ್ಟು ಗೊತ್ತು. ಯಾವ ಶಾಲೆ ಎಂದು ಕೇಳಿರಲಿಲ್ಲ. ದಿನಕ್ಕೆ ಎರಡು ಹೊತ್ತು ಆ ಕೈಯಿಂದಲೇ ಉಣ್ಣುತ್ತಿದ್ದ.

ಪ್ಯಾಕ್ ಬದಲಾಯಿಸಿದ ಭಾನುವಾರ ಅವಳು ಬಂದು ಕೈಚಾಚಿದಳು. ಅವನು ಫೋನು ಕೊಟ್ಟು, ಇನ್ನು ಇದರಲ್ಲಿ ಏನೂ ಕಾಣುವುದಿಲ್ಲ ಎಂದು ಹೇಳಿದ.

"ಆದ್ರ ಮಾತಿಗೇನು ಕಡಿಮಿ ಇಲ್ಲ. ಎಷ್ಟು ಬೇಕಾದ್ರೂ ಮಾತಾಡ್ರಿ ಅವ್ವಾ."

ನೀಲವ್ವ ಫೋನನ್ನು ತಿರುಗಿಸಿ ನೋಡಿದಳು. ಹೌದೇನ್ರಿ ಎಂದಳು. ಅತ್ತ ಹೋಗಿ ಯಾರೊಂದಿಗೋ ಎರಡೇ ಮಾತು ಆಡಿ ತಂದು ಕೊಟ್ಟಳು.

ಎರಡನೆಯ ಭಾನುವಾರ ಅವಳು ಅಂಜುತ್ತ ಒಬ್ಬ ಭಕ್ತನ ಫೋನು ಕೇಳಿದಳು. ಮಠದಲ್ಲೇ ಬಿಟ್ಟಿದ್ದಾರೆ, ನಿನಗೇಕೆ ಬೇಕವ್ವ ಎಂದು ಅವನು ಬುದ್ಧಿ ಹೇಳಿದ.

ಮೂರನೆಯ ಭಾನುವಾರ ಅವಳು ಯಾರನ್ನೂ ಕೇಳಲಿಲ್ಲ. ಕೇಳುವುದನ್ನು ಬಿಟ್ಟ ಬಡವರನ್ನು ಕಂಡರೆ ಉಳ್ಳವರಿಗೆ ನೆಮ್ಮದಿ. ಮಡಿವಾಳಯ್ಯನೂ ನೆಮ್ಮದಿಯಿಂದಿದ್ದ. ನೀಲವ್ವನೂ ಸುಧಾರಿಸಿದಳು ಎಂದುಕೊಂಡ.

ನಾಲ್ಕನೆಯ ಭಾನುವಾರ ಅಜ್ಜಾರು ಹಿಂತಿರುಗಿದರು.

ಊಟಕ್ಕೆ ಕುಳಿತಾಗ ಕಸ್ತೂರಿ ಹೇಗಿದ್ದಾಳೆ ಎಂದು ನೀಲವ್ವನನ್ನು ಕೇಳಿದರು. ಆರಾಮ ಇರಬೇಕ್ರಿ ಎಂದಳು. ಇರಬೇಕು ಎಂಬ ಮಾತಿಗೆ ಅಜ್ಜಾರ ತುತ್ತು ಅಲ್ಲೇ ನಿಂತಿತು. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಯಾರ ಮೇಲೂ ದೂರಲಿಲ್ಲ.

ಮಡಿವಾಳಯ್ಯ ಮುಂದೆ ಬಂದು ಕೈಮುಗಿದ. ಫೋನಿನ ವ್ಯಸನ ಬಿಟ್ಟದ್ದು, ನೆಟ್ ನಿಲ್ಲಿಸಿದ್ದು, ಭಕ್ತರು ಮೆಚ್ಚಿದ್ದು ಎಲ್ಲವನ್ನೂ ಹೇಳಿದ. ನೀಲವ್ವನಿಗೆ ಎಷ್ಟು ಬೇಕಾದರೂ ಮಾತಾಡಲು ಬಿಟ್ಟಿದ್ದೇನೆ ಎಂಬುದನ್ನೂ ಸೇರಿಸಿದ.

"ಹಗುರ ಆತೇನು?" ಎಂದು ಕೇಳಿದರು ಅಜ್ಜಾರು.

"ಭಾಳ ಹಗುರ ಆತ್ರಿ."

"ಯಾರಿಗೆ?"

ಇದೇನೋ ಒಗಟು ಎಂದುಕೊಂಡು ಮಡಿವಾಳಯ್ಯ ನಕ್ಕ. ಆಮೇಲೆ ಧೈರ್ಯ ಮಾಡಿ ತನ್ನ ಆಸೆಯನ್ನು ಹೇಳಿದ. ಕಾವಿ ಯಾವಾಗ ಕೊಡುತ್ತೀರಿ ಎಂದು ಕೇಳಿದ.

ಅಜ್ಜಾರು ಕೈ ತೊಳೆದು ತಮ್ಮ ಕೋಣೆಗೆ ಹೋದರು.

"ಹೇಳ್ತೀನಿ. ಅಲ್ಲೇ ನಿಂದ್ರು," ಎಂದು ಬಾಗಿಲು ಮುಚ್ಚಿಕೊಂಡರು.

ಅವನು ನಿಂತ. ಒಳಗಿನಿಂದ ಒಂದು ಸದ್ದೂ ಇಲ್ಲ. ಅಜ್ಜಾರ ಎಂದು ಕೂಗಿದ. ಉತ್ತರವಿಲ್ಲ. ಬಾಗಿಲಿಗೆ ಕಿವಿಯಿಟ್ಟ. ಕಾಲು ಬದಲಾಯಿಸಿದ. ಜಗಲಿಯ ನೆರಳು ಅಂಗಳಕ್ಕೆ ಇಳಿಯಿತು. ಮಲಗಿಬಿಟ್ಟರೋ, ಮೈಯಲ್ಲಿ ಹುಷಾರಿಲ್ಲವೋ ಎಂದು ಅಂಜಿದ. ಕೊನೆಗೆ ಬಾಗಿಲು ಬಡಿದ.

ಅಜ್ಜಾರು ತೆರೆದರು.

"ಹೇಳಿದ್ದು ತಿಳೀತೇನು?"

"ಏನೂ ಹೇಳಲಿಲ್ಲಲ್ರಿ ನೀವು."

"ಇಷ್ಟೊತ್ತನಕ ಹೇಳಿದೆ. ಕೈಲೆ ಹೇಳಿದೆ."

"ಬಾಗಲಾ ಮುಚ್ಚಿದ್ರ ನನಗ ಹ್ಯಾಂಗ ಕಾಣಬೇಕ್ರಿ?"

"ಕಾಣೂದು ನಾ ಬಿಟ್ಟೀನಿ ತಮ್ಮಾ. ತ್ಯಾಗ ಮಾಡೀನಿ. ಅದಕ್ಕ ನಿನಗ್ಯಾಕ ಸಂಕಟ? ಮಾತಿಗೇನು ಕಡಿಮಿ ಇತ್ತು? ಎಷ್ಟು ಬೇಕಾದ್ರೂ ಮಾತಾಡು ಅಂತ ಹೊರಗ ಬಿಟ್ಟಿದ್ದೆನಲ್ಲ."

ತನ್ನದೇ ಮಾತು. ಅದು ಇಲ್ಲಿಗೇಕೆ ಬಂತೆಂದು ಮಡಿವಾಳಯ್ಯನಿಗೆ ಅರ್ಥವಾಗಲಿಲ್ಲ.

"ಕಸ್ತೂರಿ ಹಾಸ್ಟೆಲಿಗೆ ಫೋನ್ ಹಚ್ಚು," ಎಂದರು ಅಜ್ಜಾರು. "ಅಕಿ ಕೂಡ ನೀನೇ ಮಾತಾಡು."

ಹಚ್ಚಿದ. ಶಿಕ್ಷಕಿಯೊಬ್ಬರು ಎತ್ತಿದರು. ಆಶ್ರಮದಿಂದ ಎಂದು ಹೇಳಿ, ಕಸ್ತೂರಿಯ ಕೈಗೆ ಕೊಡಿ, ಮಾತಾಡಬೇಕು ಎಂದ. ಶಿಕ್ಷಕಿ ತಿರುಗಿ ಅವನನ್ನೇ ಕೇಳಿದರು.

"ನೀವು ಅಲ್ಲಿ ಎಷ್ಟು ದಿನದಿಂದ ಅದೀರಿ?"

"ಒಂದು ವರ್ಷ ಆತ್ರಿ."

"ಇದು ಕಿವುಡ ಮಕ್ಕಳ ಶಾಲಿರಿ. ಕಸ್ತೂರಿಗೆ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ."

ಶಿಕ್ಷಕಿ ಉಳಿದದ್ದನ್ನೂ ಹೇಳಿದರು. ಭಾನುವಾರ ತಾಯಿಯ ಮುಖ ಕಾಣದಾಗಿನಿಂದ ಹುಡುಗಿ ಪಾಠಕ್ಕೆ ಬರುವುದು ಬಿಟ್ಟಿದ್ದಾಳೆ. ನಿನ್ನೆಯಿಂದ ಊಟವನ್ನೂ ಬಿಟ್ಟಿದ್ದಾಳೆ. ಅವ್ವ ಆರಾಮ ಇದ್ದಾಳೆ, ನನ್ನ ಜೊತೆ ಮಾತಾಡಿದಳು ಎಂದು ತಾವು ಸನ್ನೆ ಮಾಡಿ ಹತ್ತು ಸಲ ಹೇಳಿದ್ದಾರೆ. ನಂಬುವುದಿಲ್ಲ.

"ಹ್ಯಾಂಗ ನಂಬಬೇಕ್ರಿ? ಅಪ್ಪ ಸತ್ತಾಗ ಎಂಟು ದಿನ ನಾವೆಲ್ಲಾರೂ ಹಿಂಗೇ ಹೇಳಿದ್ವಿ. ಆರಾಮ ಅದಾನ ಅಂತ."

ಮಡಿವಾಳಯ್ಯ ಫೋನು ಇಳಿಸಿದ. ಏನೋ ಹೇಳಲು ಬಾಯಿ ತೆರೆದ. ಅಜ್ಜಾರು ಕೈಯೆತ್ತಿ ಊರಿನ ದಾರಿ ತೋರಿಸಿದರು.

ಓಡಿದ. ಅಂಗಡಿಯವ ಉಣ್ಣುತ್ತಿದ್ದವನು ಎದ್ದು ಬಂದ.

"ಯಾಕ್ರಿ, ಸನ್ಯಾಸ ಮುಗೀತೇನ್ರಿ?"

"ಮುಗೀತಪಾ. ಲಗೂ ಹಾಕು," ಎಂದ ಮಡಿವಾಳಯ್ಯ.

ತಿರುಗಿ ಬಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೀಲವ್ವನಿಗೆ ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಯತ್ತ ಹೊರಟಳು. ಅವನು ಹತ್ತು ಹೆಜ್ಜೆ ಹಿಂದೆ ನಿಂತ. ಅಜ್ಜಾರೂ ಬಂದು ನಿಂತರು.

ಫೋನಿನಲ್ಲಿ ಒಂದು ಎಳೆಯ ಮುಖ ಮೂಡಿತು. ಆ ಮುಖ ನಗಲಿಲ್ಲ. ತಾಯಿಯನ್ನು ದಿಟ್ಟಿಸಿ ನೋಡಿ, ಬೆರಳಿನಿಂದ ಏನೋ ಕೇಳಿತು.

ನೀಲವ್ವ ತನ್ನ ಮೂಗು ಮುಟ್ಟಿಕೊಂಡಳು.

ಮತ್ತೆ ಏನೋ ಕೇಳಿತು. ನೀಲವ್ವ ಎಡಗಿವಿ ಮುಟ್ಟಿಕೊಂಡಳು. ಎದ್ದು ನಿಂತು ಒಂದು ಸುತ್ತು ತಿರುಗಿ ಮತ್ತೆ ಕುಳಿತಳು.

"ಏನ್ ಕೇಳ್ತಾಳ್ರಿ ಅವ್ವಾ?" ಎಂದ ಮಡಿವಾಳಯ್ಯ ಮೆಲ್ಲಗೆ.

"ಹಳೀ ವಿಡಿಯೋ ತೋರಿಸಿ ಮೋಸ ಮಾಡ್ತಾರೇನೋ ಅಂತ್ರಿ," ಎಂದಳು ನೀಲವ್ವ, ಹಿಂತಿರುಗಿ ನೋಡದೆ. "ಜೀವಂತ ಅದೀನೋ ಇಲ್ಲೋ, ಪರೀಕ್ಷಾ ಮಾಡಾಕತ್ತಾಳ್ರಿ."

ಪರೀಕ್ಷೆ ಮುಗಿಯಿತು. ಆಮೇಲೆ ಆ ಹುಡುಗಿ ಅತ್ತಳು. ಅಳುತ್ತಲೇ ಎರಡೂ ಕೈಯಿಂದ ಬೈದಳು. ಇಷ್ಟು ಜೋರಾಗಿ ಬೈಯುವುದನ್ನು ಮಡಿವಾಳಯ್ಯ ಕುಸ್ತಿಯ ಕಣದಲ್ಲೂ ನೋಡಿರಲಿಲ್ಲ. ನೀಲವ್ವ ಟವರಿನ ತಪ್ಪು ಎಂಬಂತೆ ಆಕಾಶಕ್ಕೆ ಕೈ ತೋರಿಸಿದಳು.

ಅವನಿಗೆ ತಡೆಯಲಾಗಲಿಲ್ಲ. ನೀಲವ್ವನ ಪಕ್ಕಕ್ಕೆ ಬಂದು ಫೋನಿನ ಮುಂದೆ ಮಂಡಿಯೂರಿದ. ಎದೆ ಮುಟ್ಟಿ ನಾನು ಎಂದು ತೋರಿಸಿದ. ಎರಡೂ ಕಿವಿ ಹಿಡಿದುಕೊಂಡ.

ಹುಡುಗಿ ಕಣ್ಣು ಒರೆಸಿಕೊಂಡು ಅವನನ್ನು ನೋಡಿದಳು. ಗದ್ದದ ಹತ್ತಿರ ಬೆರಳು ಆಡಿಸಿ ಏನೋ ಹೇಳಿದಳು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನಂದಳ್ರಿ?"

"ಏನಿಲ್ಲ ಬಿಡ್ರಿ."

"ಹೇಳ್ರಿ ಅವ್ವಾ."

"ನಿಮ್ಮ ದಾಡಿ ಹೋತಿನ ದಾಡಿ ಆಗೇತಂತ್ರಿ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ಅಂಗಳಕ್ಕೆ ಕರೆತಂದರು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಬಾಗಲದ ಹಿಂದ ಕೈಲೆ ಏನ್ ಹೇಳಿದ್ರಿ ಅಜ್ಜಾರ?"

"ಈಗ ಹೇಳಿದ್ರ ನಿನಗ ತಿಳಿಯಂಗಿಲ್ಲ. ನೀಲವ್ವನ ಕಡೆ ಆ ಕೈಮಾತು ಕಲಿ. ಕಲಿತ ದಿನ ಮತ್ತ ಹೇಳ್ತೀನಿ. ಕಾವಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಸಂಜೆ ಭಕ್ತರು ಸೇರಿದರು. ತಿಂಗಳಾದ ಮೇಲೆ ಅಜ್ಜಾರ ದರ್ಶನ ಎಂದು ಅಂಗಳ ತುಂಬಿತ್ತು. ಮಡಿವಾಳಯ್ಯ ಎದ್ದು ನಿಂತು, ನೆಟ್ ನಿಲ್ಲಿಸಿದ್ದು ತನ್ನ ತಪ್ಪು ಎಂದು ಹೇಳಿದ. ಯಾಕೆ ತಪ್ಪು ಎಂಬುದನ್ನೂ, ಒಂದನ್ನೂ ಮುಚ್ಚಿಡದೆ, ಹೇಳಿದ.

ಕಿರಾಣಿ ಅಂಗಡಿಯ ಸಂಗಪ್ಪ ಕಸಿವಿಸಿಗೊಂಡ. ಇವರ ಮಾತು ಕೇಳಿ ನಾನು ಸೊಸೆಯ ಫೋನಿನ ನೆಟ್ ನಿಲ್ಲಿಸಿಬಿಟ್ಟೆನಲ್ಲ ಎಂದ. ಇನ್ನೊಬ್ಬ ತನ್ನ ತಾಯಿಯದನ್ನು ನಿಲ್ಲಿಸಿದ್ದ. ಆ ಮುದುಕಿಗೆ ಅದರಲ್ಲಿ ಏನು ನೋಡುವುದಿದೆ ಎಂದು ಅವನ ವಾದ. ಮತ್ತೊಬ್ಬ ಹೊಲದ ಆಳಿನ ಕೈಯಲ್ಲಿ ಫೋನು ಕಂಡರೇ ಸಂಬಳ ಹಿಡಿಯುತ್ತೇನೆ ಎಂದ. ಅಜ್ಜಾರು ಒಬ್ಬೊಬ್ಬರನ್ನೂ, ನಿನ್ನದು ನಿಲ್ಲಿಸಿದೆಯಾ ಎಂದು ಕೇಳಿದರು. ಒಬ್ಬರೂ ನಿಲ್ಲಿಸಿರಲಿಲ್ಲ.

"ನಂದು ವ್ಯಾಪಾರಕ್ಕ ಬೇಕಲ್ರಿ," ಎಂದ ಸಂಗಪ್ಪ.

"ಹಂಗಾದ್ರ ಒಂದು ಮಾತು ಹೇಳಿಬಿಡ್ರಿ ಅಜ್ಜಾರ," ಎಂದ ಮಡಿವಾಳಯ್ಯ. "ಇದಕ್ಕ ರೊಕ್ಕ ಕೊಡೂದು ಸರಿಯೋ, ತಪ್ಪೋ? ನಾಳಿಂದ ಇವರೆಲ್ಲಾ ನನ್ನ ಕೇಳ್ತಾರ."

"ನನಗ ಗೊತ್ತಿಲ್ಲ ತಮ್ಮಾ. ನಿನಗೂ ಗೊತ್ತಿಲ್ಲ. ಸಂಗಪ್ಪನ ಸೊಸಿಗೆ ಗೊತ್ತೈತಿ."

ಅಜ್ಜಾರು ಅಂಗಳದ ಕಡೆ ತಿರುಗಿದರು.

"ಇನ್ನೂ ಯಾಕ ಕುಂತೀರಿ? ಏಳ್ರಿ. ಯಾರದನ್ನ ಬಂದ್ ಮಾಡೀರೋ, ಹೋಗಿ ಅವರ ಮುಂದ ಕುಂದರ್ರಿ. ಇದ್ರಾಗ ನಿನಗ ಯಾರು ಕಾಣ್ತಿದ್ರು ಅಂತ ಕೇಳ್ರಿ. ಇವತ್ತೇ ಕೇಳ್ರಿ, ಉಣ್ಣೂಕಿಂತ ಮೊದಲು."