ಬೇಡ ಅಂದ ಮೇಲೆ ಬಂದ ಫೋನು

ದಾವಣಗೆರೆಯಲ್ಲಿ ವಾಟರ್ ಫಿಲ್ಟರ್ ಮಾರುವ ಮುರುಗೇಂದ್ರಪ್ಪನವರಿಗೆ, ಗಿರಾಕಿಗಳ ಮಾತನ್ನೆಲ್ಲ ನೆನಪಿಡುವ ಸಾಫ್ಟ್‌ವೇರ್ ಬೇಕಾಯಿತು. ಮೂರು ಕಂಪನಿಯವರು ಬಂದು ತೋರಿಸಿ ಹೋದರು. ಹೋಟೆಲಿನಲ್ಲಿ ಊಟ ಕೊಡಿಸಿದ ಕಂಪನಿಯದೇ ಒಳ್ಳೆಯದು ಎಂದು ಸಾಹುಕಾರರಿಗೆ ಆಗಲೇ ಅನಿಸಿತ್ತು. ಆದರೆ ನಾಳೆ ಅದು ಕೆಟ್ಟರೆ ಬೈಯಲು ಒಬ್ಬರು ಬೇಕಲ್ಲ.

"ಸೋಮವಾರದೊಳಗೆ ನೀನೇ ಆರಿಸು. ಇಲ್ಲಾಂದ್ರೆ ಆ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ" ಎಂದು ಅಂಗಡಿಯ ಫೋನ್ ನೋಡಿಕೊಳ್ಳುವ ಹಾಲಮ್ಮನಿಗೆ ಹೇಳಿದರು.

ಹಾಲಮ್ಮ ಮೂರೂ ಕಂಪನಿಗೆ ಫೋನ್ ಮಾಡಿ, "ನಮಗೆ ಬೇಡ, ಇನ್ನು ಫೋನ್ ಮಾಡಬೇಡಿ" ಎಂದಳು. ಆಮೇಲೆ ಸುಮ್ಮನೆ ಕೂತಳು.

ಸೋಮವಾರ ಇದು ತಿಳಿದು ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು. "ಆರಿಸು ಅಂದ್ರೆ ಮೂವರನ್ನೂ ಓಡಿಸಿದೀಯಾ?"

"ಇಬ್ಬರು ಓಡಿಲ್ಲ ಸಾಹುಕಾರ್ರೆ, ದಿನಾ ಫೋನ್ ಮಾಡ್ತಾರೆ. ನಾವು ಹೇಳಿದ್ದು ನೆನಪಿಟ್ಟೋನು ಒಬ್ಬನೇ. ಅವನದೇ ತಗೊಳ್ಳೋಣ."

ಅಷ್ಟರಲ್ಲಿ ಫೋನ್ ಬಂತು. ಊಟ ಕೊಡಿಸಿದ ಕಂಪನಿಯದು. ಹಾಲಮ್ಮ ಸ್ಪೀಕರ್ ಹಾಕಿ ಸಾಹುಕಾರರ ಮುಂದಿಟ್ಟಳು.

"ನಮಸ್ಕಾರ ಸರ್. ಗಿರಾಕಿ ಹೇಳಿದ ಒಂದು ಮಾತೂ ಮರೆಯದ ಸಾಫ್ಟ್‌ವೇರ್ ನಮ್ಮದು. ತಮ್ಮ ಹೆಸರೇನು ಸರ್?"

ಸಾಹುಕಾರರು ಫೋನ್ ಕಟ್ ಮಾಡಿ ಹಾಲಮ್ಮನ ಕಡೆ ತಳ್ಳಿದರು.

"ಆ ಮೂರನೆಯವನಿಗೆ ನೀನೇ ಫೋನ್ ಮಾಡು ತಾಯಿ. ಅವನಾಗಿ ಮಾಡಲ್ಲ."