ಒಂದೆಳೆಯ ಅಂತರ

“ಗುರುಗಳೇ, ದೊಡ್ಡವರು ತಪ್ಪಿದಾಗ ಚಿಕ್ಕವರು ಬಾಯಿ ಬಿಡಬಹುದೇ?” ಎಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಶಿಷ್ಯ ಕೇಳಿದ.

ಗುರುಗಳು ಮೀಸೆ ತಿರುವಿದರು. “ಧಾರವಾಡದ ಹೆಂಗಸರಿಗೆ ಕಸೂತಿ ಕಲಿಸಿದವನೇ ನಾನು.” ಶಿಷ್ಯ ಕೈಮುಗಿಯುವಷ್ಟರಲ್ಲಿ, “ಸುಳ್ಳು,” ಎಂದರು. “ನನಗೆ ಅಂಗಿಯ ಗುಂಡಿ ಹಚ್ಚಲೂ ಬಾರದು. ಆದರೆ ಈ ಕತೆಯನ್ನು ನಂಬಬಹುದು, ಅರ್ಧದಷ್ಟು.”

ಒಂದು ಊರಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಕಸೂತಿಯಿಂದಲೇ ಅವರ ಮನೆಯ ಒಲೆ ಉರಿಯುತ್ತಿತ್ತು. ಆ ಕೆಲಸದಲ್ಲಿ ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಸೂಜಿ ಹೋಗುವಾಗ ಬಿಟ್ಟ ಸಂದನ್ನು ತಿರುಗಿ ಬರುವಾಗ ತುಂಬಬೇಕು.

ಒಬ್ಬ ವ್ಯಾಪಾರಿ ಮಗಳ ಮದುವೆಯ ಸೀರೆ ತಂದುಕೊಟ್ಟ. “ಸೆರಗಿಗೆ ಆನೆಯ ಸಾಲು, ನಡುವೆ ಗೋಪುರ. ಹದಿನೈದು ದಿನ. ಮನಸ್ಸಿಗೆ ಬಂದರೆ ನನ್ನ ಅಂಗಡಿಯ ಸೀರೆಗಳ ಕಸೂತಿಯೆಲ್ಲ ನಿಮಗೇ. ಇಲ್ಲದಿದ್ದರೆ ಸೀರೆಗಳು ಮಷೀನಿನ ಕಸೂತಿಗೆ ಹೋದಾವು,” ಎಂದ.

ಅತ್ತೆ ಸೆರಗಿನ ಎಡತುದಿಗೆ ಕುಳಿತಳು, ಸೊಸೆ ಬಲತುದಿಗೆ. ಮೂರನೆಯ ದಿನ ಸೊಸೆ ಕತ್ತೆತ್ತಿ ನೋಡುತ್ತಾಳೆ, ಅತ್ತೆಯ ಆನೆ ಒಂದೆಳೆ ಮೇಲೇರಿದೆ! ತನಗೆ ಸೂಜಿ ಹಿಡಿಯಲು ಕಲಿಸಿದವಳಿಗೆ ಎಣಿಕೆ ತಪ್ಪಿತೆನ್ನುವುದು ಹೇಗೆ? ಸುಮ್ಮನೆ ತನ್ನ ಆನೆಯನ್ನೂ ಒಂದೆಳೆ ಏರಿಸಿದಳು. ಅಷ್ಟರಲ್ಲಿ ಅತ್ತೆಗೂ ತನ್ನ ತಪ್ಪು ತಿಳಿದಿತ್ತು. ಸೊಸೆಯ ಮುಂದೆ ಹೇಳಿಕೊಳ್ಳುವುದೇ? ಸದ್ದಿಲ್ಲದೆ ಮುಂದಿನ ಆನೆಯನ್ನು ಒಂದೆಳೆ ಇಳಿಸಿದಳು. ಅತ್ತೆ ಇಳಿಸಿದ್ದು ಕಂಡು ಸೊಸೆ ಇಳಿಸಿದಳು. ಸೊಸೆ ಏರಿಸಿದ್ದು ಕಂಡು, ಪಾಪ, ಹೊಸಬಳು ನೊಂದುಕೊಳ್ಳಬಾರದೆಂದು ಅತ್ತೆ ಏರಿಸಿದಳು. ಆನೆಗಳು ಹತ್ತಿದವು, ಇಳಿದವು. ಮನೆಯಲ್ಲಿ ಮಾತ್ರ ಒಂದು ಒರಟು ಮಾತಿಲ್ಲ. ಅತ್ತೆ ಸೊಸೆಯೆಂದರೆ ಹೀಗಿರಬೇಕು ಎಂದು ಓಣಿಯವರೆಲ್ಲ ಹೊಗಳಿದರು.

ಹದಿನಾಲ್ಕನೆಯ ದಿನ ಗೋಪುರದ ಎರಡು ಅರ್ಧಗಳು ಎದುರಾದವು. ಒಂದು ಇನ್ನೊಂದಕ್ಕಿಂತ ಒಂದೆಳೆ ತಗ್ಗಿನಲ್ಲಿತ್ತು. ಹೋದ ಸೂಜಿ ತಿರುಗಿ ಬಂದಾಗ ಗೆರೆ ಕೂಡಲಿಲ್ಲ.

“ಮೊದಲ ಕಂಡಿತ್ತೇನವಾ?” ಎಂದಳು ಅತ್ತೆ.

“ಕಂಡಿತ್ತರೀ ಅತ್ತಿ.”

“ಮತ್ತ ಬಾಯಾಗ ಏನ್ ಇಟ್ಕೊಂಡಿದ್ದಿ?”

“ಮರ್ಯಾದಿರೀ. ನಿಮಗೂ ಕಂಡಿತ್ತಲ್ಲರೀ?”

“ನನ್ನ ಬಾಯಾಗೂ ಅದ ಇತ್ತವಾ.”

ಬಿಚ್ಚಿ ಮತ್ತೆ ಹಾಕಲು ದಿನಗಳಿರಲಿಲ್ಲ. ಮರುದಿನ ವ್ಯಾಪಾರಿ ಬಂದ, ಸೆರಗು ಬಿಡಿಸಿ ನೋಡಿದ, ಏನೂ ಅನ್ನಲಿಲ್ಲ. ಅವನೂ ಮರ್ಯಾದಸ್ಥ. ಮಗಳು ಮಷೀನಿನ ಸೀರೆಯುಟ್ಟು ಹಸೆಗೆ ಕುಳಿತಳು. ಆ ಮನೆಗೆ ಅವನ ಅಂಗಡಿಯಿಂದ ಮತ್ತೆ ಒಂದು ಸೀರೆಯೂ ಬರಲಿಲ್ಲ.

ಕತೆ ಮುಗಿಯಿತು. ಶಿಷ್ಯ ತಲೆದೂಗಿದ. ಗುರುಗಳು ಬರಿದಾದ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟರು.

“ನನ್ನ ಯಾವ ತಪ್ಪು ಕಂಡು ಈ ಪ್ರಶ್ನೆ ಕೇಳಿದೆಯೋ ಅದನ್ನು ಈಗಲೇ ಹೇಳು, ಬಾಯಿ ಬಿಡದಿದ್ದರೆ ಈ ಚಹಾದ ದುಡ್ಡು ನೀನೇ ಕೊಡು.”